ಆರು ತಿಂಗಳಿಂದ ಮೂರು ವರ್ಷದವರೆಗೆ ಮಗು ಎಲ್ಲಿರಬೇಕು?

ಕರ್ನಾಟಕ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ,

ಮಾನ್ಯರೇ,

ನಾನು ನಿವೃತ್ತ ಶಿಕ್ಷಕಿ. ಬೆಂಗಳೂರಿನ ಪೀಣ್ಯದ ಆಸುಪಾಸಿನ ವಠಾರವೊಂದರಲ್ಲಿ ವಾಸವಾಗಿದ್ದೇನೆ. ಇಲ್ಲಿನ ಏಳು ಮನೆಗಳ ಪೈಕಿ ನಾಲ್ಕು ಮನೆಯ ಹೆಂಗಸರು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಪಕ್ಕದ ಮನೆಯ ತಾಯಿ ಬೆಳಿಗ್ಗೆ ಎಂಟಕ್ಕೆ ಹೊರಟರೆ ಮರಳುವುದು ಸಂಜೆ ಏಳಕ್ಕೆ. ಹದಿನಾಲ್ಕು ತಿಂಗಳ ಅವರ ಮಗನನ್ನು ನೋಡಿಕೊಳ್ಳುತ್ತಿದ್ದವಳು ಐದನೇ ತರಗತಿಯ ಅಕ್ಕ. ಬೆಳಿಗ್ಗೆ ಡಬ್ಬಿಗೆ ಹಾಕಿಟ್ಟ ರಾಗಿ ಸರಿ ಮಧ್ಯಾಹ್ನಕ್ಕೆ ಗಟ್ಟಿಯಾಗಿರುತ್ತದೆ. ಅದಕ್ಕೆ ಬೆರೆಸಲು ನೀರು ಕಾಯಿಸಬೇಕೆಂದು, ಒಂದು ಕೈಯಲ್ಲಿ ತಮ್ಮನನ್ನು ಸೊಂಟಕ್ಕೆ ಅವುಚಿಕೊಂಡು ಇನ್ನೊಂದು ಕೈಯಲ್ಲಿ ಗ್ಯಾಸ್ ಹಚ್ಚುತ್ತಿದ್ದ ಆ ಹುಡುಗಿಯನ್ನು ಕಂಡ ದಿನದಿಂದ ಹಗಲು ಹೊತ್ತು ಮಗುವನ್ನು ನಾನೇ ಇರಿಸಿಕೊಂಡಿದ್ದೇನೆ. ಆದರೆ ನನಗೆ ಅರವತ್ತೆಂಟು ವರ್ಷ, ಮಂಡಿನೋವು ಬೇರೆ. ಉಳಿದ ಮನೆಗಳ ಕೂಸುಗಳನ್ನು ನಾನು ನೋಡಿಕೊಳ್ಳಲಾರೆ.

ಇ.ಎಸ್.ಐ. (ಕಾರ್ಮಿಕರ ರಾಜ್ಯ ವಿಮೆ) ಮೂಲಕ ಸಿಗುವ ಹೆರಿಗೆ ರಜೆ 26 ವಾರ. 1975ರ ಅಕ್ಟೋಬರ್ 2ರಂದು ನಮ್ಮ ರಾಜ್ಯದ ಟಿ. ನರಸೀಪುರದಲ್ಲಿ ಶುರುವಾದ ಅಂಗನವಾಡಿ ವ್ಯವಸ್ಥೆ ಮಕ್ಕಳನ್ನು ಕೇಂದ್ರದಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮೇಲೆ. ಅದಕ್ಕಿಂತ ಸಣ್ಣವರಿಗೆ ಪೌಷ್ಟಿಕ ಆಹಾರವನ್ನು ಮನೆಗೆ ಕೊಟ್ಟು ಕಳಿಸುತ್ತದೆ. ನಡುವಿನ ಎರಡೂವರೆ ವರ್ಷ ಮಗು ಯಾರ ಬಳಿ ಇರಬೇಕೆಂಬ ಪ್ರಶ್ನೆಯನ್ನು ತಾಯಿಯೊಬ್ಬಳ ಹೆಗಲಿಗೇ ಬಿಟ್ಟಿದ್ದೇವೆ.

ಕಾನೂನು ಇಲ್ಲವೆಂದಲ್ಲ. 30ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಗೆ 1976ರಲ್ಲಿ ಬಂದ ತಿದ್ದುಪಡಿಯೇ ಹೇಳಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯು ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿಬರಲು ಅವಕಾಶ ಕೊಟ್ಟಿತು. ಪಕ್ಕದ ಮನೆಯವರ ಕಾರ್ಖಾನೆಯಲ್ಲೂ ಅಂಥ ಕೊಠಡಿಯಿದೆ. ಆದರೆ ಕಾಲಿಡಲೂ ಜಾಗವಿಲ್ಲದ ಬೆಳಗಿನ ಬಸ್ಸಿನಲ್ಲಿ, ಒಂದು ಗಂಟೆಯ ದಾರಿ, ಕೂಸನ್ನು ಎತ್ತಿಕೊಂಡು ಹೋಗುವುದು ಹೇಗೆ? ಮನೆಗೆಲಸಕ್ಕೆ ಹೋಗುವವರಿಗಂತೂ ಕೊಠಡಿ ಕೇಳಲು ಕಾರ್ಖಾನೆಯೇ ಇಲ್ಲ. ಸಮೀಪದ ಡೇ ಕೇರ್‌ನಲ್ಲಿ ವಿಚಾರಿಸಿದಾಗ ಹೇಳಿದ ಶುಲ್ಕ ಈ ತಾಯಿಯ ಸಂಬಳದ ಅರ್ಧದಷ್ಟಿತ್ತು. ಆದ್ದರಿಂದ ಮಗುವಿನ ಜಾಗ ಮನೆಯ ಹತ್ತಿರವೇ, ನಡೆದು ಹೋಗುವಷ್ಟು ದೂರದಲ್ಲಿ, ಸರ್ಕಾರದ ಹೊಣೆಯಲ್ಲೇ ಇರಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಗ್ರಾಮೀಣ ತಾಯಂದಿರಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆಯುವುದಾಗಿ ತಮ್ಮ ಸರ್ಕಾರ 2023ರಲ್ಲಿ ಘೋಷಿಸಿದಾಗ ಮನಸಾರೆ ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ದುಡಿಯುವವರ ಬಡಾವಣೆಗಳಿಗೂ ಅದೇ ಬೇಕು. ಅಂಗನವಾಡಿಯಲ್ಲೇ ಶಿಶುಪಾಲನಾ ಕೇಂದ್ರ ನಡೆಸಲು ಕೇಂದ್ರ ಸರ್ಕಾರದ ‘ಪಾಲನಾ’ ಯೋಜನೆಯಲ್ಲಿ ಅವಕಾಶವಿದೆ. ಅದನ್ನು ಈ ಬಡಾವಣೆಗಳಿಂದಲೇ ಆರಂಭಿಸಬೇಕೆಂದು ಕೋರುತ್ತೇನೆ. ನಮ್ಮ ಬೀದಿಯ ಅಂಗನವಾಡಿ ಸಂಜೆ ನಾಲ್ಕಕ್ಕೆ ಮುಚ್ಚುತ್ತದೆ; ಕೂಸುಗಳ ಕೋಣೆ ಬೆಳಿಗ್ಗೆ ಏಳೂವರೆಯಿಂದ ಸಂಜೆ ಏಳೂವರೆಯವರೆಗೆ ತೆರೆದಿರದಿದ್ದರೆ ಪ್ರಯೋಜನವಿಲ್ಲ. ಈ ಕೆಲಸವನ್ನು ಈಗಿರುವ ಕಾರ್ಯಕರ್ತೆಯರ ತಲೆಗೇ ಕಟ್ಟಬಾರದು. ಸಮೀಕ್ಷೆ, ಮೊಬೈಲಿನಲ್ಲಿ ದಾಖಲಾತಿ, ಅಡುಗೆಯ ಉಸ್ತುವಾರಿ, ಪಾಠ ಎಲ್ಲವನ್ನೂ ಅವರು ಗೌರವಧನಕ್ಕೇ ಮಾಡುತ್ತಿದ್ದಾರೆ. ಕೂಸುಗಳಿಗೆ ತರಬೇತಿ ಪಡೆದ ಬೇರೆ ಸಿಬ್ಬಂದಿ ಬೇಕು, ಅವರಿಗೆ ತಕ್ಕ ಸಂಬಳವೂ ಬೇಕು.

ಆ ಹುಡುಗಿ ಬರುವ ಜೂನ್‌ನಲ್ಲಿ ಆರನೇ ತರಗತಿಗೆ ಹೋಗಬೇಕು. ಅಷ್ಟರೊಳಗೆ ನಮ್ಮ ಬೀದಿಯ ಅಂಗನವಾಡಿಯಲ್ಲಿ ಅವಳ ತಮ್ಮನಿಗೊಂದು ತೊಟ್ಟಿಲು, ಒಂದು ಚಾಪೆ ಸಿಗುವಂತೆ ಮಾಡಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪೀಣ್ಯದ ಒಬ್ಬ ನಿವಾಸಿ