ಅಡುಗೆಮನೆ ಮೂಲೆಯ ಹಂಚು

ಆನೆಗೊಂದಿ

ನನ್ನವ್ವಾ,

ಆಶೀರ್ವಾದ. ನಿನ್ನೆ ನೀನು ಫೋನಿನಲ್ಲಿ ಬೈದು ಇಟ್ಟುಬಿಟ್ಟೆ. "ಈ ವಯಸ್ಸಿನಲ್ಲಿ ಮೇಲೆ ಹತ್ತೋದು ಬೇಕಿತ್ತಾ ಅಪ್ಪಾ?" ಅಂದೆ, ನನ್ನ ಮಾತು ಕೇಳಲೇ ಇಲ್ಲ. ಅದಕ್ಕೇ ಈ ಕಾಗದ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕೋಕೆ ಆಗಲ್ಲ, ಅಲ್ವಾ?

ಮೊದಲು ಒಂದು ಮಾತು. ನಾನು ಹಂಚಿನ ಮೇಲೆ ಕಾಲಿಟ್ಟಿಲ್ಲ. ಒಂದು ಹೆಜ್ಜೆಯೂ ಇಟ್ಟಿಲ್ಲ. ನಿಮ್ಮವ್ವ ನಿನಗೆ ಹೇಳಿದ್ದು ಅರ್ಧ ಕಥೆ.

ಮುಂದಿನ ಮಣ್ಣಿನ ಮಾಳಿಗೆಯದು ಏನೂ ತಕರಾರಿಲ್ಲ. ಬೇಸಿಗೆಯಲ್ಲಿ ನಾಲ್ಕು ಬುಟ್ಟಿ ಸವಳು ಮಣ್ಣು ಹಾಕಿ ತುಳಿದರೆ ಮಳೆಗಾಲ ಕಳೆಯುತ್ತದೆ. ತಕರಾರು ಹಿಂದಿನ ಅಡುಗೆಮನೆಯದು. ಪಕ್ಕದ ಮನೆಯವರು ಮಹಡಿ ಎತ್ತಿದ ಮೇಲೆ ಅವರ ಗೋಡೆಗೂ ನಮ್ಮ ಗೋಡೆಗೂ ನಡುವೆ ಉಳಿದದ್ದು ಒಂದೂವರೆ ಗೇಣು ಸಂದಿ. ಬೆಕ್ಕು ಕೂಡ ಯೋಚನೆ ಮಾಡಿ ನುಗ್ಗಬೇಕು. ಅಲ್ಲಿ ನಿಚ್ಚಣಿಕೆ ಇಡೋದು ದೂರದ ಮಾತು. ಸೋರುವ ಹಂಚು ಇರುವುದು ಸರಿಯಾಗಿ ಆ ಮೂಲೆಯಲ್ಲಿ. ಈ ಕಡೆಯಿಂದ ಹೋಗಬೇಕಂದರೆ ಅಷ್ಟೂ ಹಂಚು ತುಳಿದು ದಾಟಬೇಕು.

ಹೋದ ವರ್ಷ ಒಬ್ಬ ಗೌಂಡಿಯನ್ನು ಕರೆಸಿದ್ದೆ. ಬಂದ, ತುಳಿದುಕೊಂಡೇ ಹೋದ, ಬಿರುಕಿಗೆ ಸಿಮೆಂಟ್ ಮೆತ್ತಿದ, ದುಡ್ಡು ಇಸಿದುಕೊಂಡು ಹೋದ. ಅವನು ಹೋದ ಮೇಲೆ ನೋಡಿದರೆ ದಾರಿಯಲ್ಲಿ ಇನ್ನೂ ಮೂರು ಹಂಚು ಸೀಳಿದ್ದವು! ಮೆತ್ತಿದ ಸಿಮೆಂಟೂ ಬೇಸಿಗೆ ದಾಟಲಿಲ್ಲ. ನಮ್ಮ ಬಿಸಿಲಿಗೆ ಹಂಚು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಮೇಲೆ ಅಂಟಿಸಿದ ಸಿಮೆಂಟು ಹಪ್ಪಳದ ಹಾಗೆ ಎದ್ದು ಬರುತ್ತದೆ. ಅವನನ್ನು ಬೈದು ಏನು ಪ್ರಯೋಜನ, ಕರೆಸಿದ್ದು ನಾನೇ.

ಈ ಸಲ ಆರಿದ್ರಾ ಮಳೆ ಹಿಡಿದ ದಿನ ನೀರು ಒಲೆಕಟ್ಟೆಯ ಮೇಲೇ ತೊಟ್ಟಿಕ್ಕತೊಡಗಿತು. ನಿಮ್ಮವ್ವ ಬೋಗುಣಿ ಇಟ್ಟಳು. ಅದು ತುಂಬುವ ಸದ್ದಿಗೆ ರಾತ್ರಿ ನಿದ್ದೆ ಇಲ್ಲ. ಎದ್ದು ಟಾರ್ಚ್ ಹಾಕಿ ಜಂತಿ ನೋಡಿದೆ. ನೀರು ತೊಟ್ಟಿಕ್ಕುವ ಕಡೆ ಹಂಚು ಸೋರುತ್ತಿರಲಿಲ್ಲ. ಮೇಲೆಲ್ಲೋ ಒಳಗೆ ಇಳಿದು, ಜಂತಿ ಹಿಡಿದುಕೊಂಡು ಒಂದೂವರೆ ಮೊಳ ಹರಿದು, ಗಂಟು ಇದ್ದ ಕಡೆ ಬೀಳುತ್ತಿತ್ತು. ಒದ್ದೆ ಗೆರೆ ಎಲ್ಲಿಂದ ಶುರುವಾಗಿದೆಯೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಮರುದಿನ ಬಿಸಿಲು ಬಿತ್ತು. ಮಧ್ಯಾಹ್ನ ಬಾಗಿಲು ಮುಚ್ಚಿ, ಲೈಟು ಆರಿಸಿ ನಿಂತೆ. ಗುರುತಿನ ಹತ್ತಿರವೇ ಸೂಜಿಯಂಥ ಬೆಳಕು ಇಣುಕಿತು. ಕಳ್ಳ ಸಿಕ್ಕ.

ಈಗ ನೀನು ಹೆದರಿದ ವಿಷಯಕ್ಕೆ ಬರುತ್ತೇನೆ. ಮಂಗಳೂರು ಹಂಚನ್ನು ಕೆಳಗಿನಿಂದಲೂ ಬದಲಿಸಬಹುದು. ಅದನ್ನು ಮೊಳೆ ಹೊಡೆದು ಕೂರಿಸಿರುವುದಿಲ್ಲ. ಬೆನ್ನಿನ ಕೆಳಗಿರುವ ಮೂಗನ್ನು ರೀಪಿಗೆ, ಅಂದರೆ ಅಡ್ಡ ಹೊಡೆದ ಕಟ್ಟಿಗೆ ಪಟ್ಟಿಗೆ, ಸಿಗಿಸಿಕೊಂಡು, ತನ್ನ ಭಾರಕ್ಕೆ ತಾನೇ ಕೂತಿರುತ್ತದೆ. ಮೇಲಿನ ಸಾಲಿನ ಹಂಚು ಅದರ ತಲೆ ಮುಚ್ಚಿರುತ್ತದೆ, ಪಕ್ಕದ್ದು ಅದರ ಅಂಚಿನ ತೋಡಿನಲ್ಲಿ ಕೂತಿರುತ್ತದೆ. ಆ ಎರಡನ್ನೂ ಒಳಗಿನಿಂದಲೇ ಎರಡು ಬೆರಳಷ್ಟು ಎತ್ತಿ ಬೆಣೆ ಕೊಟ್ಟರೆ ಒಡೆದದ್ದು ಸಡಿಲ ಆಗುತ್ತದೆ. ಸ್ವಲ್ಪ ಮೇಲಕ್ಕೆ ತಳ್ಳಿ ಮೂಗು ಬಿಡಿಸಬೇಕು, ಆಮೇಲೆ ಓರೆ ಮಾಡಿ ರೀಪುಗಳ ನಡುವಿನಿಂದ ಕೆಳಗೆ ಇಳಿಸಬೇಕು. ಹೊಸದನ್ನೂ ಅದೇ ದಾರಿಯಲ್ಲಿ ಹತ್ತಿಸಬೇಕು. ಹೇಳೋಕೆ ನಾಲ್ಕು ಮಾತು. ಮಾಡುವಾಗ ಕುತ್ತಿಗೆ ಹಿಡಿದುಕೊಂಡಿತು, ಕಣ್ಣಿಗೆ ಮಸಿ ಬಿತ್ತು. ಒಂದು ಬೆಣೆ ಜಾರಿ ನಿಮ್ಮವ್ವನ ಉಪ್ಪಿನಕಾಯಿ ಭರಣಿಯ ಮುಚ್ಚಳ ಒಡೆಯಿತು. ಅವಳು ನಿನಗೆ ಫೋನ್ ಮಾಡಿದ್ದು ಆಗಲೇ. ಸಿಟ್ಟು ಮುಚ್ಚಳದ್ದು, ದೂರು ನನ್ನ ಮೇಲೆ.

ನಿಂತದ್ದು ಎರಡು ಜೋಳದ ಡ್ರಮ್ಮಿನ ಮೇಲೆ ಹಾಕಿದ ಹಲಗೆಯ ಮೇಲೆ. ತುಂಬಿದ ಡ್ರಮ್ಮು, ಅಲುಗಾಡಲ್ಲ.

ಇನ್ನು ನೀನು ವಯಸ್ಸಿನ ಮಾತು ಎತ್ತಿದೆಯಲ್ಲ, ಅದಕ್ಕೊಂದು ನೆನಪು. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ಕಡಿದು ಕೊಚ್ಚಿಹೋಗಿತ್ತಲ್ಲ. 33 ಗೇಟಿನಲ್ಲಿ ಒಂದು. ನೀನು ಅವತ್ತು ದಿನಕ್ಕೆ ಹತ್ತು ಸಲ ಫೋನ್ ಮಾಡುತ್ತಿದ್ದೆ. ಕನ್ನಯ್ಯ ನಾಯ್ಡು ಅನ್ನುವ ಹಿರಿಯರು ಮುಂದೆ ನಿಂತು, ಹರಿಯುವ ನೀರಿನಲ್ಲೇ ಒಂದೊಂದಾಗಿ ಸ್ಟಾಪ್‌ಲಾಗ್, ಅಂದರೆ ಗೇಟಿನ ಬಾಯಿ ಮುಚ್ಚುವ ಉಕ್ಕಿನ ಅಡ್ಡಹಲಗೆ, ಇಳಿಸಿ ವಾರದೊಳಗೆ ನೀರು ನಿಲ್ಲಿಸಿದರು. ಅವರಿಗೂ ವಯಸ್ಸಾಗಿತ್ತು. ಅವರನ್ನು ಯಾರೂ ಫೋನಿನಲ್ಲಿ ಬೈಯಲಿಲ್ಲ ಅಂತ ಕಾಣುತ್ತದೆ.

ಇನ್ನೊಂದು ಪೇಚಾಟ ಹಂಚಿನದೇ. ಗಂಗಾವತಿಯಿಂದ ಹೊಸ ಹಂಚು ತಂದೆ. ಬೆರಳ ಗೆಣ್ಣಿನಲ್ಲಿ ಬಡಿದು ನೋಡಿದೆ, ಟಣ್ ಅಂತ ಗಟ್ಟಿ ಸದ್ದು ಬಂತು. ಒಳಗೆ ಸೀಳಿದ್ದರೆ ಬದ್ ಅನ್ನುತ್ತದೆ. ಆದರೆ ಹಂಚು ಒಳ್ಳೆಯದಾದರೂ ತೋಡು ಕೂಡಲಿಲ್ಲ. ಒಂದು ಕಾರ್ಖಾನೆಯ ಅಚ್ಚಿಗೂ ಇನ್ನೊಂದರ ಅಚ್ಚಿಗೂ ಸ್ವಲ್ಪ ವ್ಯತ್ಯಾಸ ಇರುತ್ತದೆ. ಬಲವಂತ ಮಾಡಿ ಕೂರಿಸಿದರೆ ಪಕ್ಕದ್ದು ಎದ್ದು ನಿಲ್ಲುತ್ತದೆ, ಇನ್ನೊಂದು ಸೋರುವ ಬಾಯಿ ತೆರೆದ ಹಾಗೆ. ಆಗ ಕೊಟ್ಟಿಗೆಯ ನೆನಪಾಯಿತು. ಅದರ ಹಂಚೂ ನಿಮ್ಮಜ್ಜ ಅದೇ ಲಾರಿಯಲ್ಲಿ ತರಿಸಿದ್ದು. ಸೂರಿನ ಸಾಲಿನದು, ನೆಲದ ಮೇಲೆ ನಿಂತರೆ ಕೈಗೆ ಸಿಗುತ್ತದೆ. ಅಲ್ಲಿಂದ ಹಳೆಯದೊಂದು ತೆಗೆದು ಅಡುಗೆಮನೆಗೆ ಹಾಕಿದೆ. ಹೊಸದು ಕೊಟ್ಟಿಗೆಗೆ ಹೋಯಿತು. ಅಲ್ಲಿ ಸೋರಿದರೆ ಎಮ್ಮೆಗೇನೂ ಬೇಜಾರಿಲ್ಲ.

ಆದರೂ ತಲೆಯಲ್ಲಿ ಒಂದು ಹುಳ ಉಳಿಯಿತು. ಪ್ರತಿ ವರ್ಷ ಅದೇ ಮೂಲೆ ಯಾಕೆ ಒಡೆಯುತ್ತದೆ? ಪಕ್ಕದ ಮನೆಯ ಮಹಡಿಗೆ ಹೋಗಿ ಒಂದು ತಾಸು ಸುಮ್ನೆ ಕೂತೆ. ಚಹಾನೂ ಕೊಟ್ಟರು. ಐದು ಗಂಟೆಯ ಹೊತ್ತಿಗೆ ಮಂಗಗಳ ದಂಡು ಬಂತು. ಅಂಜನಾದ್ರಿಯ 575 ಮೆಟ್ಟಿಲು ಹತ್ತುವ ಜನ ಬಾಳೆಹಣ್ಣು ಕೊಟ್ಟು ಕೊಟ್ಟು ಇವಕ್ಕೆ ಮನುಷ್ಯರ ಭಯವೇ ಇಲ್ಲ. ದೊಡ್ಡ ಗಂಡು ಮಂಗ ಮಹಡಿಯ ಅಂಚಿಗೆ ಬಂದು, ನನ್ನ ಕಡೆ ಒಮ್ಮೆ ನೋಡಿ, ಧಪ್ ಅಂತ ನಮ್ಮ ಅಡುಗೆಮನೆ ಮೇಲೆ ಹಾರಿತು. ಬಿದ್ದದ್ದು ಅದೇ ಮೂಲೆಗೆ! ಹಿಂದೆ ಬಂದ ಮರಿಗಳೂ ಅಲ್ಲಿಗೇ. ಹನುಮಪ್ಪ ಹುಟ್ಟಿದ ಬೆಟ್ಟದ ಬುಡದಲ್ಲಿದ್ದುಕೊಂಡು ಮಂಗಕ್ಕೆ ಕಲ್ಲು ಹೊಡೆಯೋಕೆ ನಿಮ್ಮವ್ವ ಬಿಡಲ್ಲ. ಅವರ ಮಹಡಿಯಿಂದಲೇ ಒಂದು ಜಾಲಿ ಮುಳ್ಳಿನ ಕಂಟಿಗೆ ಹಗ್ಗ ಕಟ್ಟಿ ಆ ಮೂಲೆಗೆ ಇಳಿಸಿದೆ. ಈಗ ಅವು ಅಂಚಿಗೆ ಬಂದು, ಕೆಳಗೆ ನೋಡಿ, ತಲೆ ಕೆರೆದುಕೊಂಡು ವಾಪಸು ಹೋಗುತ್ತವೆ.

ಇಳಿಸಿದ ಹಂಚನ್ನು ಎಸೆದಿಲ್ಲ. ಹೊಟ್ಟೆಯ ಕಡೆ ಕಟ್ಟಿಗೆ ಒಲೆಯ ಕಾಲದ ಮಸಿ ಹಿಡಿದಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದೆ, ಇಂಗ್ಲಿಷ್ ಅಕ್ಷರಗಳು ಎದ್ದು ಬಂದವು. ಚಿಕ್ಕವಳಿದ್ದಾಗ ನೀನು ಚಾಪೆ ಮೇಲೆ ಅಂಗಾತ ಮಲಗಿ ಕೂಡಿಸಿ ಓದುತ್ತಿದ್ದದ್ದು ಇವನ್ನೇ. ನೀನು ಮೊದಲು ಕಲಿತ ಇಂಗ್ಲಿಷ್ ಅಕ್ಷರ 'ಎಂ', ಶಾಲೆಗೆ ಹೋಗೋಕೂ ಮುಂಚೆ. ಬಾಸೆಲ್ ಮಿಶನ್ನಿನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಈ ಹಂಚಿನ ಕಾರ್ಖಾನೆ ಶುರು ಮಾಡಿದಾಗ, ಆನೆಗೊಂದಿಯ ಒಂದು ಹುಡುಗಿ ಇದರಲ್ಲಿ ಅಕ್ಷರ ಕಲಿಯುತ್ತಾಳೆ ಅಂತ ಅಂದುಕೊಂಡಿರಲಿಕ್ಕಿಲ್ಲ. ಎರಡು ತುಂಡಾಗಿದೆ, 'ಎಂ' ಇರುವ ತುಂಡು ನೆಟ್ಟಗಿದೆ. ಬೆಂಗಳೂರಿಗೆ ಒಯ್ಯುತ್ತೀಯೋ, ತುಳಸಿ ಕಟ್ಟೆ ಹತ್ತಿರ ಇಡಲೋ, ಬರೆದು ತಿಳಿಸು.

ದಸರೆಗೆ ಬರುವಾಗ ಹತ್ತು ಮಾರು ನೈಲಾನ್ ಹಗ್ಗ ತಾ. ಈಗ ಕಟ್ಟಿರುವುದು ಹಳೆಯ ದನದ ಹಗ್ಗ, ಜಾಸ್ತಿ ದಿನ ಬಾಳಲ್ಲ.

ನಿನ್ನ ಅಪ್ಪ

ತಾ.ಕ.: ನಿನ್ನೆ ರಾತ್ರಿ ಜೋರು ಮಳೆ. ಒಂದು ಹನಿ ಬಿದ್ದಿಲ್ಲ. ನಿಮ್ಮವ್ವ ಮಾತ್ರ ಬೋಗುಣಿ ತೆಗೆದಿಲ್ಲ. ಕೇಳಿದರೆ "ಇರ್ಲಿ ಬಿಡ್ರಿ, ನಿಮ್ಮ ಕೆಲ್ಸ ನಂಗೊತ್ತಿಲ್ವಾ" ಅಂದಳು.