ಗಡಿಯಲ್ಲಿರುವ ತಂದೆಗೆ ಹೆರಿಗೆಯ ಚಿತ್ರಗಳು: ತಾಯಿಯ ಒಪ್ಪಿಗೆ ಮೊದಲಾಗಲಿ

ಮಾನ್ಯ ಸಂಪಾದಕರೇ,

ಹೆರಿಗೆಯ ಹೊತ್ತಿನಲ್ಲಿ ಛಾಯಾಗ್ರಾಹಕರೊಬ್ಬರನ್ನು ಜೊತೆಗಿರಿಸಿಕೊಂಡು, ನೋವು ಶುರುವಾದಾಗಿನಿಂದ ಕೂಸು ಮೊದಲ ಸಲ ಮೊಲೆಗೆ ಬಾಯಿಡುವವರೆಗಿನ ಗಳಿಗೆಗಳನ್ನು ಇದ್ದದ್ದು ಇದ್ದಂತೆಯೇ ಸೆರೆಹಿಡಿಸಿಕೊಳ್ಳುವ ಪದ್ಧತಿ ಬೆಂಗಳೂರಿನ ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಈಗ ರೂಢಿಗೆ ಬಂದಿದೆ. ಇದನ್ನು ಉಳ್ಳವರ ಶೋಕಿ ಎಂದು ತಳ್ಳಿಹಾಕುವವರು ನಮ್ಮ ಕಡೆ ಬಹಳ ಜನ. ಭೂಸೇನೆಯಲ್ಲಿ ದುಡಿದು ನಿವೃತ್ತನಾಗಿರುವ ನನಗೆ ಮಾತ್ರ, ಇದರಿಂದ ನಿಜವಾದ ಪ್ರಯೋಜನ ಆಗಬಹುದಾದದ್ದು ಸೈನಿಕರ ಕುಟುಂಬಗಳಿಗೇ ಎನ್ನಿಸುತ್ತದೆ. ಆದರೆ ಇದು ಯಾರ ಮಾತಿನ ಮೇಲೆ ನಡೆಯಬೇಕು ಎಂಬುದನ್ನು ಮೊದಲೇ ಗಟ್ಟಿ ಮಾಡಿಕೊಳ್ಳದಿದ್ದರೆ ಹೆರುವ ಹೆಣ್ಣುಮಗಳಿಗೆ ಇದೇ ಒಂದು ಹೊಸ ಕಾಟವಾದೀತು.

ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ ಇದೆಯಲ್ಲ, ಹೆರಿಗೆಗೆ ಬರಲು ಏನಡ್ಡಿ ಎಂದು ಕೇಳುವವರಿದ್ದಾರೆ. ವೈದ್ಯರು ಬರೆದುಕೊಡುವ ತಾರೀಖು ಒಂದು ಅಂದಾಜು ಮಾತ್ರ. 37ನೇ ವಾರ ತುಂಬಿದ ಮೇಲೆ 42ನೇ ವಾರದ ತನಕ ಹೆರಿಗೆ ಯಾವ ದಿನವಾದರೂ ಆಗಬಹುದು. ಯುನಿಟ್ಟಿನಲ್ಲಿ ಒಂದು ಸಲಕ್ಕೆ ಇಷ್ಟೇ ಜನ ರಜೆಯ ಮೇಲಿರಬಹುದು ಎಂಬ ಲೆಕ್ಕದಲ್ಲಿ ಮಂಜೂರಾದ ಛುಟ್ಟಿ, ಕೂಸಿನ ಅನುಕೂಲ ನೋಡಿಕೊಂಡು ಹಿಂದೆ ಮುಂದೆ ಸರಿಯುವುದಿಲ್ಲ. ಚಳಿಗಾಲದಲ್ಲಿ ಹಿಮ ಬಿದ್ದು ಲಡಾಖಿನ ದಾರಿಯಲ್ಲಿರುವ ಜೋಜಿಲಾ ಕಣಿವೆಮಾರ್ಗ ಮುಚ್ಚಿದ ಮೇಲೆ ಲೇಹ್‌ನಿಂದ ಇಳಿಯಬೇಕಾದವರು ವಿಮಾನವನ್ನೇ ನಂಬಬೇಕು, ಮೋಡ ಕವಿದರೆ ಅದೂ ಹಾರುವುದಿಲ್ಲ. ಇನ್ನು ನೌಕಾಪಡೆಯ ಹುಡುಗ ಸಮುದ್ರದ ನಡುವೆ ಇದ್ದರೆ ಕೇಳುವುದೇ ಬೇಡ. ಅಮೆರಿಕದ ಸೇನೆಯಲ್ಲಿ 2022ರ ಡಿಸೆಂಬರ್‌ನಿಂದ ತಂದೆಗೂ 12 ವಾರಗಳ ರಜೆ ಸಿಗುತ್ತಿದೆ. ಅಲ್ಲಿಯೂ ದೂರದ ನಿಯೋಜನೆಯಲ್ಲಿ ಸಿಲುಕಿದವನಿಗೆ ಆ ರಜೆ ಕೈಗೆ ಬರುವುದು ಮಗು ಹುಟ್ಟಿದ ಮೇಲೆಯೇ.

ನಮ್ಮಲ್ಲಿ ಇನ್ನೊಂದು ಸಂಗತಿಯಿದೆ. ಬೆಳಗಾವಿ, ಬಾಗಲಕೋಟೆ, ಕೊಡಗಿನ ಸೈನಿಕರ ಹೆಂಡಂದಿರು ಮೊದಲ ಹೆರಿಗೆಗೆ ಸಾಮಾನ್ಯವಾಗಿ ತವರಿಗೆ ಹೋಗುತ್ತಾರೆ. ಗಂಡನ ನೆಲೆಯ ಸಮೀಪ ಸೇನಾ ಆಸ್ಪತ್ರೆಯಿದ್ದರೂ ಕೂಸು ಹುಟ್ಟುವುದು ತವರೂರಿಗೆ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇಲ್ಲವೇ ಸಣ್ಣ ನರ್ಸಿಂಗ್ ಹೋಮಿನಲ್ಲಿ. ಅಲ್ಲಿಯ ಸಿಬ್ಬಂದಿಗೆ ಫೀಲ್ಡ್ ಪೋಸ್ಟಿಂಗ್ (ಹೆಂಡತಿ ಮಕ್ಕಳನ್ನು ಜೊತೆಗಿರಿಸಿಕೊಳ್ಳಲಾಗದ ಮುಂಚೂಣಿಯ ನಿಯೋಜನೆ) ಎಂದರೇನೆಂಬುದು ಗೊತ್ತಿರಬೇಕಾದ ಕಾರಣವೂ ಇಲ್ಲ. ಆದುದರಿಂದ ಸೇನೆ ತನ್ನ ಆಸ್ಪತ್ರೆಗಳಲ್ಲಿ ಏನೇ ವ್ಯವಸ್ಥೆ ಮಾಡಿದರೂ ಈ ಕುಟುಂಬಗಳಲ್ಲಿ ಬಹಳಷ್ಟು ಅದರ ಆಚೆಗೇ ಉಳಿಯುತ್ತವೆ.

ನಮ್ಮ ಕಾಲದಲ್ಲಿ ಸುದ್ದಿ ಬರುತ್ತಿದ್ದುದು ತಂತಿಯ ಮೂಲಕ, ಇಲ್ಲವೇ ಸೇನಾ ಅಂಚೆಯ '56 ಎಪಿಒ' ವಿಳಾಸಕ್ಕೆ ಬರೆದ ಇನ್‌ಲ್ಯಾಂಡ್ ಪತ್ರದ ಮೂಲಕ. ಗಂಡೋ ಹೆಣ್ಣೋ, ತಾಯಿ ಮಗು ಕ್ಷೇಮ, ಅಷ್ಟೇ. ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು, ಅಷ್ಟರಲ್ಲಿ ಎಲ್ಲರ ಕಿಸೆಗೂ ಮೊಬೈಲ್ ಬಂದಿತ್ತು. ಹೀಗಾಗಿ ಈಗ ಯಾರನ್ನು ಕೇಳಿದರೂ ಫೋಟೊ ಯಾಕೆ, ವಿಡಿಯೊ ಕಾಲ್ ಮಾಡಿದರೆ ಮುಗಿಯಿತಲ್ಲ ಎನ್ನುತ್ತಾರೆ.

ಮುಗಿಯುವುದಿಲ್ಲ. ಮುಂಚೂಣಿಯ ಅನೇಕ ಠಾಣೆಗಳಲ್ಲಿ ಸಿಗ್ನಲ್ ನೆಚ್ಚುವಂತಿಲ್ಲ ಎಂಬುದು ಒಂದು ಕಡೆಗಿರಲಿ. 2019ರ ಡಿಸೆಂಬರ್‌ನಲ್ಲಿ ನೌಕಾಪಡೆ ತನ್ನ ಹಡಗು ಮತ್ತು ನೆಲೆಗಳಲ್ಲಿ ಸ್ಮಾರ್ಟ್‌ಫೋನ್ ನಿಷೇಧಿಸಿತು. 2020ರ ಜುಲೈನಲ್ಲಿ ಭೂಸೇನೆ 89 ಆ್ಯಪ್‌ಗಳನ್ನು ಫೋನಿನಿಂದ ಅಳಿಸುವಂತೆ ತನ್ನ ಸಿಬ್ಬಂದಿಗೆ ಆದೇಶಿಸಿತು. ಭದ್ರತೆಯ ದೃಷ್ಟಿಯಿಂದ ಅವು ಸರಿಯಾದ ಕ್ರಮಗಳೇ. ಆದರೆ ನನ್ನ ಮುಖ್ಯ ಆಕ್ಷೇಪ ಬೇರೆ. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದೆ ಹೋಗಬಹುದು, ಕೂಸು ಅಳದೆ ಇರಬಹುದು, ಆ ಕ್ಷಣದಲ್ಲಿ ವೈದ್ಯರೂ ದಾದಿಯರೂ ಓಡಾಡುವುದನ್ನು ಎರಡು ಸಾವಿರ ಕಿಲೊಮೀಟರ್ ಆಚೆ, ಇನ್ನೇನು ಬಂದೂಕು ಹಿಡಿದು ಕಾವಲಿಗೆ ನಿಲ್ಲಬೇಕಾದವನೊಬ್ಬ ನೋಡುತ್ತಿದ್ದು, ಕರೆ ನಡುವೆಯೇ ಕಡಿದು ಹೋದರೆ ಅವನ ಗತಿಯೇನು? ಅವನ ಪಕ್ಕದಲ್ಲಿರುವ ಜೊತೆಗಾರನ ಸುರಕ್ಷತೆಯೇನು? ಚಿತ್ರಗಳು ತಾಯಿ ಮಗು ಸುರಕ್ಷಿತವೆಂದು ತಿಳಿದ ಮೇಲೆ, ಕಾವಲು ಮುಗಿಸಿ ಬಂದವನಿಗೆ ಬಿಡುವಾದಾಗ ಕೈ ಸೇರುತ್ತವೆ. ತಾಯಿಯೂ ನೋವಿನ ನಡುವೆ ಫೋನಿನ ಪರದೆಗೆ ಮುಖ ತೋರಿಸುವ, ಧೈರ್ಯ ಹೇಳುವ ಹೊರೆಯಿಂದ ಪಾರಾಗುತ್ತಾಳೆ.

ಈ ಚಿತ್ರಗಳಲ್ಲಿ ಇರಬೇಕಾದದ್ದು ಏನು ಎಂದರೆ, ತಂದೆ ಅಲ್ಲಿದ್ದಿದ್ದರೆ ಅವನ ಕಣ್ಣಿಗೆ ಬೀಳುತ್ತಿದ್ದುದೆಲ್ಲವೂ: ಗೋಡೆಯ ಗಡಿಯಾರ, ಹೆರುವವಳ ಮುಂಗೈ ಹಿಡಿದು ನಿಂತ ಅವಳ ತಾಯಿಯ ಮುಖ, ಹೊಕ್ಕುಳಬಳ್ಳಿಯ ಮಿಡಿತ ನಿಲ್ಲುವ ತನಕ ಕೂಸನ್ನು ತಾಯಿಯ ಎದೆಯ ಮೇಲೆ ಮಲಗಿಸಿಟ್ಟ ಆ ಒಂದೆರಡು ನಿಮಿಷ, ತಕ್ಕಡಿಯ ಅಂಕಿ, ಕೂಸಿನ ಬಣ್ಣ, ಉಸಿರು, ಅಳು ನೋಡಿ ವೈದ್ಯರು ಮೊದಲ ಮತ್ತು ಐದನೇ ನಿಮಿಷಕ್ಕೆ ಕೊಡುವ ಆಪ್‌ಗಾರ್ ಅಂಕ, ತೊಡೆಗೆ ಚುಚ್ಚುವ ವಿಟಮಿನ್ ಕೆ, ಮೊದಲ ಗಂಟೆಯೊಳಗಿನ ಮೊಲೆಹಾಲು. ಛಾಯಾಗ್ರಾಹಕಿ ತಾಯಿಯ ತಲೆಯ ಬದಿಗೆ ನಿಂತೇ ಇವೆಲ್ಲವನ್ನೂ ತೆಗೆಯಬಲ್ಲಳು, ಕಾಲ ಬದಿಗೆ ಹೋಗುವ ಅಗತ್ಯವೇ ಇಲ್ಲ. ಫ್ಲ್ಯಾಶ್ ಕೂಡದು, ಶಟರ್ ಸದ್ದು ಮಾಡಬಾರದು, ಬೇಯಿಸಿ ಶುದ್ಧಗೊಳಿಸಿದ ಸಲಕರಣೆಗಳ ಹತ್ತಿರ ಸುಳಿಯಬಾರದು, ವೈದ್ಯರು ಹೊರಗೆ ಎಂದರೆ ಮರುಮಾತಿಲ್ಲದೆ ಹೊರಗೆ ಹೋಗಬೇಕು. ದಿನ ತುಂಬುವ ಮೊದಲೇ ಆಕೆ ಆ ಕೊಠಡಿಯನ್ನೊಮ್ಮೆ ನೋಡಿ, ಬೆಳಕು ಎಷ್ಟಿದೆ, ಎಲ್ಲಿ ನಿಂತರೆ ದಾದಿಯರ ಕಾಲಿಗೆ ತೊಡರುವುದಿಲ್ಲ ಎಂದು ತಿಳಿದುಕೊಂಡಿರುವುದೂ ಆಗಬೇಕು. ಮದುವೆಯ ಫೋಟೊ ತೆಗೆದು ರೂಢಿಯಾದವರು ಇದನ್ನು ಬೇರೆಯೇ ಕೆಲಸವೆಂದು ಕಲಿತು ಬರಬೇಕು.

ಒಪ್ಪಿಗೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಗಳಲ್ಲಿ ಇಂಥದ್ದನ್ನು ತೀರ್ಮಾನಿಸುವುದು ಅತ್ತೆ, ಮಾವ, ಇಲ್ಲವೇ ಫೋನಿನಲ್ಲಿ ಗಂಡ. ಗಂಡ ದೇಶ ಕಾಯುತ್ತಿದ್ದಾನೆ ಎಂಬ ಒಂದು ಮಾತು ಸಾಕು, ಸೊಸೆ ಬೇಡವೆನ್ನಲು ಬಾಯೇ ಬರದಂತೆ ಮಾಡಲು. ಅವನ ತ್ಯಾಗಕ್ಕೆ ಅವಳ ಮೈಯನ್ನು ಒತ್ತೆ ಇಡುವ ಹಕ್ಕು ಯಾರಿಗೂ ಇಲ್ಲ, ಅವನಿಗೂ ಇಲ್ಲ. ಒಪ್ಪಿಗೆಯನ್ನು ಏಳು ಎಂಟು ತಿಂಗಳಿನಲ್ಲೇ, ಆಕೆಯೊಬ್ಬಳೇ ಇದ್ದಾಗ, ಬರಹದಲ್ಲಿ ಕೇಳಬೇಕು. ಯಾವ ಚಿತ್ರ ಬೇಡವೆಂದು ಅದರಲ್ಲಿ ಬರೆಸಬೇಕು. ನೋವು ಶುರುವಾದ ಮೇಲೆ ಆಕೆ ಸಾಕು ಎಂದರೆ ಕ್ಯಾಮೆರಾ ಚೀಲ ಸೇರಬೇಕು. ಎಲ್ಲ ಚಿತ್ರಗಳನ್ನೂ ಮೊದಲು ನೋಡುವವಳು ಅವಳೇ, ಗಂಡನಿಗೆ ಯಾವುದು ಹೋಗಬೇಕೆಂದು ಆರಿಸುವವಳೂ ಅವಳೇ. ಕೂಸು ಉಳಿಯದೆ ಹೋದರೆ ಚಿತ್ರ ಬೇಕೇ ಎಂಬ ಕಠಿಣ ಪ್ರಶ್ನೆಯನ್ನೂ ಆಗಲೇ ಮೆಲ್ಲಗೆ ಕೇಳಿಟ್ಟಿರಬೇಕು. ಅಪಶಕುನವೆಂದು ಹಿರಿಯರು ಗದರಬಹುದು. ಆದರೂ ಅಮೆರಿಕದಲ್ಲಿ 2005ರಿಂದ ಸ್ವಯಂಸೇವಕ ಛಾಯಾಗ್ರಾಹಕರ ಸಂಸ್ಥೆಯೊಂದು ಕೂಸು ಕಳೆದುಕೊಂಡ ತಂದೆತಾಯಿಗಳಿಗೆ ಉಚಿತವಾಗಿ ಈ ಕೆಲಸ ಮಾಡುತ್ತಿದೆ. ಮಣ್ಣಾದ ಮೇಲೆ ಊರಿಗೆ ಬಂದಿಳಿಯುವ ತಂದೆಗೆ ತನ್ನ ಮಗುವಿನ ಮುಖವೆಂದು ಇರುವುದು ಅದೊಂದೇ.

ಸ್ಟುಡಿಯೊದವರು ಈ ಚಿತ್ರಗಳನ್ನು ಜಾಹೀರಾತಿಗೆ ಬಳಸುವುದನ್ನು ಕರಾರಿನಲ್ಲೇ ನಿಷೇಧಿಸಬೇಕು. ಸೈನಿಕನ ಯುನಿಟ್ಟಿನ ಹೆಸರು, ಠಾಣೆ, ಹಡಗಿನ ಹೆಸರನ್ನು ಅಡಿಬರಹವಾಗಿ ಹಾಕಿ ಇನ್‌ಸ್ಟಾಗ್ರಾಮಿಗೆ ಏರಿಸಿದರೆ ಬೇಕಿಲ್ಲದವರಿಗೆ ಬೇಕಾದ ಮಾಹಿತಿ ತಾನಾಗಿಯೇ ಸಿಗುತ್ತದೆ. ಹುಟ್ಟಿದ ಕೂಸಿಗೆ ಹಸಿರು ಚುಕ್ಕೆಯ ಸಮವಸ್ತ್ರ ತೊಡಿಸಿ, ಅಪ್ಪನ ಟೋಪಿಯೊಳಗೆ ಮಲಗಿಸಿ ತೆಗೆಯುವ ಚಿತ್ರಗಳ ಬಗ್ಗೆ ನನಗೆ ಒಲವಿಲ್ಲ. ಅದು ನಾಟಕ, ಬೇಕಾದವರು ನಾಮಕರಣದ ದಿನ ಮಾಡಿಕೊಳ್ಳಲಿ.

ಕೇಂದ್ರ ಆರೋಗ್ಯ ಸಚಿವಾಲಯ 2016ರ ಫೆಬ್ರುವರಿಯಲ್ಲೇ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೊಠಡಿಗೆ ಒಬ್ಬ ಜೊತೆಗಾರ್ತಿಯನ್ನು ಬಿಡಲು ಅನುಮತಿ ಕೊಟ್ಟಿದೆ; ಖಾಸಗಿತನ ಕಾಪಾಡುವ ವ್ಯವಸ್ಥೆಯಿದ್ದ ಕಡೆ ಗಂಡನೂ ಇರಬಹುದೆಂದು ಅದರಲ್ಲಿ ಹೇಳಿದೆ. ಗಂಡ ಕರ್ತವ್ಯದ ಮೇಲಿದ್ದು ಬರಲಾಗದಿದ್ದಾಗ, ತಾಯಿ ಬರೆದುಕೊಟ್ಟರೆ, ಅವನಿಗೆ ಸಲ್ಲಬೇಕಾದ ಆ ಜಾಗವನ್ನು ತರಬೇತಾದ ಒಬ್ಬ ಛಾಯಾಗ್ರಾಹಕಿಗೆ ಕೊಡಬಹುದೆಂದು ರಾಜ್ಯದ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ಅಂಥವರ ಪಟ್ಟಿಯನ್ನು ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಗಳು ಇಟ್ಟುಕೊಂಡು, ಖರ್ಚನ್ನೂ ಭರಿಸಲಿ. ಒಂದೇ ಕೊಠಡಿಯಲ್ಲಿ ಎರಡು ಮೂರು ಹೆರಿಗೆ ಮೇಜುಗಳಿದ್ದು ನಡುವೆ ಪರದೆಯೂ ಇಲ್ಲದ ಆಸ್ಪತ್ರೆಗಳಲ್ಲಿ ಮಾತ್ರ ಈ ಅನುಮತಿ ಬೇಡ. ಪಕ್ಕದ ಮೇಜಿನ ಹೆಣ್ಣುಮಗಳು ಯಾವ ಕಾಗದಕ್ಕೂ ಸಹಿ ಹಾಕಿರುವುದಿಲ್ಲ; ಅಲ್ಲಿ ಕ್ಯಾಮೆರಾ ತಾಯಿಯನ್ನೂ ಕೂಸನ್ನೂ ವಾರ್ಡಿಗೆ ತರುವ ತನಕ ಬಾಗಿಲ ಹೊರಗೇ ಕಾಯಲಿ.

— ನಿವೃತ್ತ ಸುಬೇದಾರರೊಬ್ಬರು, ಗೋಕಾಕ