ಅಡ್ಮಿಷನ್ ಮಾಡ್ಸೋಕಿಂತ ಮೊದ್ಲ ಇದನ್ನ ಓದು

ಚಿ. ಕೂಸಿಗೆ ದೊಡ್ಡವ್ವನ ಆಶೀರ್ವಾದ.

ನಿನ್ನ ಮೆಸೇಜ್ ನೋಡ್ದೆ. ಪಿಯುಸಿ ಮುಗದ ಮ್ಯಾಲ ಮಕ್ಕಳ ಬೆಳವಣಿಗಿ, ಕುಟುಂಬ ಇದರ ಬಗ್ಗೆನ ಓದ್ಬೇಕು ಅಂತ ನೀ ಬರದಿ, ನಿಮ್ಮಪ್ಪ "ಮಕ್ಕಳ ನೋಡ್ಕೊಳ್ಳಾಕ ಡಿಗ್ರಿ ಯಾಕ ಬೇಕು" ಅಂತಾನ, ಮ್ಯಾಲ ರೊಕ್ಕದ ಚಿಂತಿ ಬ್ಯಾರೆ. ಫೋನಾಗ ಹೇಳಿದ್ರ ಅರ್ಧ ಮರತು ಹೋಗ್ತೈತಿ, ಅದಕ್ಕ ಕುಂತು ಉದ್ದಕ ಟೈಪ್ ಮಾಡೀನಿ. ಸಾವಕಾಶ ಓದು, ಅಪ್ಪಗೂ ಓದಿ ಹೇಳು.

ಮೊದ್ಲ ಅಪ್ಪನ ಮಾತಿಗೆ ಉತ್ತರ. ನಾ ಬಾಗಲಕೋಟಿ ಜಿಲ್ಲಾದಾಗ ಅಂಗನವಾಡಿ ಸೂಪರ್‌ವೈಸರ್ ಆಗಿ ಸರ್ವಿಸ್ ಮಾಡ್ದಾಕಿ, ಇಳಕಲ್ಲ, ಗುಳೇದಗುಡ್ಡದ ಮಗ್ಗದ ಮನಿಗೋಳನ್ನ ಒಳಗ ಹೊಕ್ಕು ನೋಡೀನಿ. ತಾಯಿ ದಿನಾ ಮಗ್ಗದ ಕುಣ್ಯಾಗ ಕುಂತಿರ್ತಾಳ, ಬಾಜೂಕ ಎರಡು ವರ್ಷದ ಕೂಸು ಒಂದ ಕಡೆ ಸುಮ್ನ ಕುಂತಿರ್ತೈತಿ, ಮನ್ಯಾಗಿನವ್ರು "ಬಾಳ ಶಾಣ್ಯಾ ಐತ್ರಿ, ಅಳೂದ ಇಲ್ಲ" ಅಂತಾರ. ಆ ಕೂಸು ಶಾಣ್ಯಾ ಐತೋ, ಅದಕ್ಕ ಕಿವಿ ಕೇಳ್ಸೂದಿಲ್ಲೋ, ಇಲ್ಲಾ ಯಾರೂ ಮಾತಾಡ್ಸದ ಮಾತು ಹಿಂದ ಬಿದ್ದೈತೋ, ಇದನ್ನ ಗುರ್ತಿಸಾಕ ಪ್ರೀತಿ ಅಷ್ಟ ಇದ್ರ ಸಾಲೂದಿಲ್ಲ, ಕಲ್ತಿರಬೇಕು. ಕಬ್ಬು ಕಡ್ಯಾಕ ಹೋಗೋ ಗ್ಯಾಂಗಿನ ಜೋಡಿ ಊರೂರು ತಿರಗೋ ಮಕ್ಕಳು, ಗೋವಾ ಕಡೆ ದುಡ್ಯಾಕ ಹೋದವ್ರು ಅಜ್ಜಿ ಹತ್ರ ಬಿಟ್ಟು ಹೋದ ಮಕ್ಕಳು, ಇವ್ರ ಬಗ್ಗೆ ಯಾರು ಓದ್ಯಾರ ಹೇಳು. 2020ರ ಹೊಸ ಶಿಕ್ಷಣ ನೀತ್ಯಾಗ ಬರದಾರ, ಕೂಸಿನ ಮೆದುಳಿನ ಬೆಳವಣಿಗಿ 85 ಪರ್ಸೆಂಟಿಗಿಂತ ಹೆಚ್ಚು ಆರು ವರ್ಷದ ಒಳಗ ಆಗ್ತೈತಿ ಅಂತ. ನಮ್ಮ ರಾಜ್ಯದಾಗ 65 ಸಾವಿರಕ್ಕಿಂತ ಹೆಚ್ಚು ಅಂಗನವಾಡಿ ಅದಾವು, ಈಗ ಪಂಚಾಯ್ತಿ ಮಟ್ಟದಾಗ ದುಡ್ಯೋ ತಾಯಂದ್ರ ಸಣ್ಣ ಮಕ್ಕಳನ್ನ ನೋಡ್ಕೊಳ್ಳೋ ಕೂಸಿನ ಮನೆ ಅಂತನೂ ಶುರು ಆಗ್ಯಾವು, ಅಲ್ಲೆಲ್ಲಾ ತಿಳದವ್ರು ಬೇಕವ್ವ. ಅಪ್ಪಗ ಇದನ್ನ ಹೇಳು, ಸಿಟ್ಟಿಗೆ ಬಂದು ಹೇಳಬ್ಯಾಡ.

ಈಗ ಕಾಲೇಜಿನ ವಿಚಾರ. ನಿನಗ ನಾ ಎಲ್ಲಕ್ಕಿಂತ ಮೊದ್ಲ ಹೇಳೋದು ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದು. ಅಲ್ಲಿ ಸಮುದಾಯ ವಿಜ್ಞಾನ ಕಾಲೇಜ್ ಐತಿ, ಮೊದ್ಲ ಗ್ರಾಮೀಣ ಗೃಹ ವಿಜ್ಞಾನ ಅಂತಿದ್ರು, ನಮ್ಮ ವಾರಿಗಿಯವ್ರು ಇವತ್ತಿಗೂ ಹೋಂ ಸೈನ್ಸ್ ಕಾಲೇಜ್ ಅಂತನ ಅಂತಾರ. ನಾಕು ವರ್ಷದ ಬಿಎಸ್ಸಿ ಆನರ್ಸ್, ಆಮ್ಯಾಲ ಎಂಎಸ್ಸಿ ಒಳಗ ಹ್ಯೂಮನ್ ಡೆವಲಪ್‌ಮೆಂಟ್ ಅಂಡ್ ಫ್ಯಾಮಿಲಿ ಸ್ಟಡೀಸ್ ಅಂತ ಬ್ಯಾರೆ ವಿಭಾಗನ ಐತಿ, ನೀ ಕೇಳಿದ್ದು ಅದನ್ನ. ಡಿಗ್ರ್ಯಾಗ ಬರೇ ಮಕ್ಕಳ ಬಗ್ಗೆ ಇರೂದಿಲ್ಲ, ಆಹಾರ ಪೌಷ್ಟಿಕತೆ, ಬಟ್ಟಿ-ನೂಲು, ಮನಿ ನಿರ್ವಹಣೆ, ವಿಸ್ತರಣೆ (ಕಲ್ತಿದ್ದನ್ನ ಹಳ್ಳಿ ಮಂದಿಗೆ ಮುಟ್ಟಸೋದು) ಎಲ್ಲಾ ಓದ್ಸ್ತಾರ, ಬಟ್ಟಿ ವಿಷಯ ಬಂತು ಅಂತ ಬ್ಯಾಸರ ಮಾಡ್ಕೋಬ್ಯಾಡ, ಬಡವ್ರ ಮನ್ಯಾಗ ಊಟ, ದುಡಿಮಿ, ಕೂಸು ಮೂರೂ ಒಂದಕ್ಕೊಂದು ಕೂಡ್ಕೊಂಡ ಇರ್ತಾವು. ಕಡೀ ವರ್ಷದಾಗ ಹಳ್ಳ್ಯಾಗ ಇದ್ದು ಕೆಲಸ ಮಾಡೋದು ಕೋರ್ಸಿನ ಭಾಗನ ಆಗಿರ್ತೈತಿ. ಸರ್ಕಾರಿ ವಿವಿ ಆಗಿದ್ದಕ್ಕ ಫೀ ನಮ್ಮಂಥವ್ರ ಕೈಗೆ ಎಟಕ್ತೈತಿ, ಹಾಸ್ಟೆಲ್ಲೂ ಐತಿ.

ಅಲ್ಲಿ ಸೇರ್ಬೇಕಂದ್ರ ಸೈನ್ಸ್ ಪಿಯುಸಿ ಆಗಿರ್ಬೇಕು, ಸಿಇಟಿ ಬರೀಬೇಕು. ಇಲ್ಲಿ ಒಂದು ಮಾತು ಮರೀಬ್ಯಾಡ: ರೈತರ ಮಕ್ಕಳಿಗೆ ಬ್ಯಾರೆ ಕೋಟಾ ಐತಿ. ಅದಕ್ಕ ಪ್ರಾಕ್ಟಿಕಲ್ ಟೆಸ್ಟ್ ಇರ್ತೈತಿ, ಬೀಜ, ಗೊಬ್ಬರ, ಒಕ್ಕಲುತನದ ಸಾಮಾನು ತೋರ್ಸಿ ಗುರ್ತು ಹಿಡಿ ಅಂತಾರ. ನೀ ಹೊಲದಾಗ ಬೆಳದಾಕಿ, ನಿನಗ ಅದು ಕಷ್ಟ ಆಗೂದಿಲ್ಲ, ಆದ್ರ ಸರ್ಟಿಫಿಕೇಟ್ ಕಡೀ ವಾರದಾಗ ಸಿಗೂದಿಲ್ಲ, ತಹಶೀಲ್ದಾರ್ ಆಫೀಸಿಗೆ ಅಪ್ಪನ್ನ ಕರ್ಕೊಂಡು ಈಗ್ನಿಂದ ಅಡ್ಡಾಡಾಕ ಶುರು ಮಾಡು. ಪಾಠ ಎಲ್ಲಾ ಇಂಗ್ಲಿಷ್‌ನ್ಯಾಗ ಇರ್ತಾವು, ಮೊದಲ್ನೇ ಸೆಮಿಸ್ಟರ್ ಕಣ್ಣೀರು ಬರ್ತೈತಿ, ಕನ್ನಡ ಮೀಡಿಯಂ ಹುಡುಗ್ಯಾರು ಸೀನಿಯರ್ಸ್ ಹತ್ರ ನೋಟ್ಸ್ ಇಸ್ಕೊಂಡು ಕನ್ನಡದಾಗ ಅರ್ಥ ಬರ್ಕೊಂತ ದಾಟ್ತಾರ, ನೀನೂ ದಾಟ್ತಿ.

ಅಲ್ಲಿ ಸಿಗ್ಲಿಲ್ಲ ಅಂದ್ರ ಲೋಕ ಮುಳಗೂದಿಲ್ಲ. ಬೆಂಗಳೂರಾಗ ವಿಎಚ್‌ಡಿ ಗೃಹ ವಿಜ್ಞಾನ ಕಾಲೇಜ್ ಸರ್ಕಾರಿದ್ದ, ಹೆಣ್ಮಕ್ಕಳದ್ದು, ಅಲ್ಲಿ ಹ್ಯೂಮನ್ ಡೆವಲಪ್‌ಮೆಂಟ್ ಓದಬಹುದು, ಆದ್ರ ಬೆಂಗಳೂರಿನ ಇರೋ ಖರ್ಚು ಲೆಕ್ಕಕ್ಕ ಹಿಡಿ. ಮನಿ ಹತ್ರನ ಇರ್ಬೇಕಂದ್ರ ಇನ್ನೊಂದು ದಾರಿ: ಇಲ್ಲೇ ಬಿಎ ಮಾಡು, ಹೋಂ ಸೈನ್ಸ್ ಇಲ್ಲಾ ಸೈಕಾಲಜಿ ಇರೋ ಕಾಲೇಜ್ ನೋಡ್ಕೊ, ಅದರ ಜೋಡೀನ ಇಗ್ನೋ (ಇಂದಿರಾ ಗಾಂಧಿ ಮುಕ್ತ ವಿವಿ) ಅವ್ರದ್ದು ಅರ್ಲಿ ಚೈಲ್ಡ್‌ಹುಡ್, ಅಂದ್ರ ಸಣ್ಣ ಮಕ್ಕಳ ಆರೈಕಿ-ಶಿಕ್ಷಣದ ಡಿಪ್ಲೊಮಾ ಕಟ್ಟು. ಪಿಯುಸಿ ಆದವ್ರಿಗೆ ಸಿಗ್ತೈತಿ, ವರ್ಷದ ಕೋರ್ಸು, ಫೀನೂ ಕಡಿಮಿ, ಇಗ್ನೋದ್ದು ರೀಜನಲ್ ಸೆಂಟರ್ ವಿಜಯಪುರದಾಗನ ಐತಿ. ಹಿಂಗ ಎರಡು ಕೂಡ ಓದಾಕ 2022ರಾಗ ಯುಜಿಸಿ (ವಿವಿಗಳ ಮ್ಯಾಲಿನ ಕೇಂದ್ರದ ಆಯೋಗ) ಒಪ್ಪಿಗಿ ಕೊಟ್ಟೈತಿ. ಯಾವ ಭಾಷಾದಾಗ ಪುಸ್ತಕ ಬರ್ತಾವು ಅಂತ ಸೇರೋಕಿಂತ ಮೊದ್ಲ ಕೇಳ್ಕೊ. ಡಿಗ್ರಿ ಆದ ಮ್ಯಾಲ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿವ್ಯಾಗ ಸಮಾಜಕಾರ್ಯ ಇಲ್ಲಾ ಮಹಿಳಾ ಅಧ್ಯಯನ ಮಾಡಬಹುದು. ಮಕ್ಕಳ ರಕ್ಷಣಾ ಘಟಕ ಪ್ರತಿ ಜಿಲ್ಲಾದಾಗ ಐತಿ, ಅಲ್ಲಿ ಕೌನ್ಸೆಲರ್, ಸೋಷಿಯಲ್ ವರ್ಕರ್ ಕೆಲಸಕ್ಕ ಎಂಎಸ್‌ಡಬ್ಲ್ಯೂ, ಅಂದ್ರ ಸಮಾಜಕಾರ್ಯದ ಮಾಸ್ಟರ್ ಡಿಗ್ರಿ ಆದವ್ರನ್ನ ತಗೋತಾರ, ಬಾಳ ಪೋಸ್ಟು ಕಾಂಟ್ರಾಕ್ಟ್ ಮ್ಯಾಲ ಇರ್ತಾವು, ಅದನ್ನೂ ತಿಳದಿರು.

ಈಗ ನನ್ನ ಮನಸ್ಸಿನ ಮಾತು ಕೇಳು, ಇದಕ್ಕ ಇಷ್ಟು ಬರ್ಯಾಕ ಕುಂತೀನಿ. ಯಾವ ಕಾಲೇಜಿಗೆ ಹೋದ್ರೂ ಬಿಲ್ಡಿಂಗ್ ನೋಡಬ್ಯಾಡ, ಸ್ಮಾರ್ಟ್ ಬೋರ್ಡ್ ನೋಡಬ್ಯಾಡ, ಒಂದ ಪ್ರಶ್ನೆ ಕೇಳು: ನಮ್ಮನ್ನ ಮಕ್ಕಳ ನಡುವ ಎಷ್ಟು ದಿನ ಕೂಡಸ್ತೀರಿ, ಆವಾಗ ನಮ್ಮ ಕೆಲಸ ನೋಡಿ ತಿದ್ದವ್ರು ಯಾರು. ನಿಜವಾಗಿ ಕಲಿಸೋರು ಆದ್ರ ತಡೀದ ಹೇಳ್ತಾರ, ನಮ್ಮದು ಲ್ಯಾಬ್ ನರ್ಸರಿ ಐತಿ, ಇಂಥಾ ಅಂಗನವಾಡಿಗೆ ಕಳಸ್ತೀವಿ, ನೀವು ಒಂದು ಕೂಸಿನ ಮ್ಯಾಲ ತಿಂಗಳಗಟ್ಟಲೆ ಕಣ್ಣಿಟ್ಟು ರೆಕಾರ್ಡ್ ಬರೀಬೇಕು ಅಂತ. "ಪ್ರಾಕ್ಟಿಕಲ್ ಎಲ್ಲಾ ಆಗ್ತಾವ್ ರೀ" ಅಂತ ಹಾರಿಸಿ ಉತ್ತರ ಕೊಟ್ರ ಎದ್ದು ಬಾ. ನನ್ನ ಕೈಕೆಳಗ ಟ್ರೇನಿಂಗಿಗೆ ಬಂದ ಹುಡುಗ್ಯಾರ ಪೈಕಿ ಕೆಲವ್ರು ಸರ್ಟಿಫಿಕೇಟ್ ತುಂಬಾ ಮಾರ್ಕ್ಸ್ ಹಿಡ್ಕೊಂಡು ಬಂದಿರ್ತಿದ್ರು, ಕೂಸಿನ ತೂಕ ಹಾಕಿ ಚಾರ್ಟ್‌ನ್ಯಾಗ ಚುಕ್ಕಿ ಇಡಾಕ ಬರ್ತಿರಲಿಲ್ಲ, ತಾಯಿಗೆ ಬೈದಂಗ ಆಗದ ಮಾತು ಹೇಳಾಕ ಬರ್ತಿರಲಿಲ್ಲ. ಅವ್ರ ತಪ್ಪಲ್ಲ, ಅವ್ರಿಗೆ ಯಾರೂ ತೋರ್ಸೇ ಇರಲಿಲ್ಲ. ಕಲಿಸಿದವ್ರ ಮ್ಯಾಲ ನನಗ ಇವತ್ತಿಗೂ ಸಿಟ್ಟು ಐತಿ, ಹೆಣ್ಮಕ್ಕಳ ವರ್ಷ, ತಂದಿ ರೊಕ್ಕ ಎರಡೂ ತಗೊಂಡು ಕೈಬಿಟ್ಟಿದ್ರು.

ಊರೂರಾಗ ಅಂಗಡಿ ಮ್ಯಾಲಿನ ರೂಮಿನ್ಯಾಗ ನಡಸೋ "ಚೈಲ್ಡ್ ಸೈಕಾಲಜಿ ಡಿಪ್ಲೊಮಾ", "ಇಂಟರ್‌ನ್ಯಾಷನಲ್ ಟೀಚರ್ ಟ್ರೇನಿಂಗ್" ಬೋರ್ಡಿಗೆ ಮರಳಾಗಬ್ಯಾಡ. ಡಿಗ್ರಿ ಕೊಡೋ ವಿವಿ ಯುಜಿಸಿ ಪಟ್ಟ್ಯಾಗ ಇರ್ಬೇಕು. ದೂರಶಿಕ್ಷಣ ಆದ್ರ ಯುಜಿಸಿಯ ದೂರಶಿಕ್ಷಣ ವಿಭಾಗ ಡಿಇಬಿ ಒಪ್ಪಿಗಿ ಆ ವರ್ಷಕ್ಕ, ಆ ಕೋರ್ಸಿಗೇ ಇರ್ಬೇಕು. ಪ್ರೀಸ್ಕೂಲ್ ಟೀಚರ್ ಡಿಪ್ಲೊಮಾ ಅಂದ್ರ ಎನ್‌ಸಿಟಿಇ (ಶಿಕ್ಷಕರ ತರಬೇತಿ ನೋಡೋ ಕೇಂದ್ರದ ಮಂಡಳಿ) ಮಾನ್ಯತೆ ಕೇಳು, ವಿಶೇಷ ಮಕ್ಕಳಿಗೆ ಕಲಿಸೋ ಕೋರ್ಸ್ ಅಂದ್ರ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇಲ್ಲದ್ದು ಮುಟ್ಟಬ್ಯಾಡ. ಹಂಗ ಸೂಪರ್‌ವೈಸರ್, ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಪೋಸ್ಟಿನ ಹಳೇ ನೋಟಿಫಿಕೇಷನ್ ತಗದು ಯಾವ ಯಾವ ಡಿಗ್ರಿ ಕೇಳ್ಯಾರ ಅಂತ ಓದು, ನೀ ಸೇರೋ ಡಿಗ್ರಿ ಹೆಸರು ಅದರಾಗ ಕಾಣ್ಬೇಕು.

ರೊಕ್ಕದ ಲೆಕ್ಕ ಹಾಕುವಾಗ ಬರೇ ಫೀ ಹಾಕಬ್ಯಾಡ, ಮೆಸ್ಸು, ರೆಕಾರ್ಡ್ ಬುಕ್ಕು, ಪರೀಕ್ಷಾ ಫೀ, ಫೀಲ್ಡ್ ವಿಸಿಟ್, ಯುನಿಫಾರ್ಮ್ ಎಲ್ಲಾ ಸೇರ್ಸಿ ಕೋರ್ಸ್ ಮುಗಿಯೂತನ ಎಷ್ಟಾಗ್ತೈತಿ ಅಂತ ಬರಿ. ಸಣ್ಣ ಫೀ ಹೇಳಿ ಆಮ್ಯಾಲ ವರ್ಷಕ್ಕೊಂದು ಹೆಸರಿನ್ಯಾಗ ಕೇಳೋ ಕಾಲೇಜ್ ಅದಾವು, ಎಲ್ಲಾ ಬರವಣಿಗ್ಯಾಗ ಕೊಡ್ರಿ ಅನ್ನು. ಧಾರವಾಡಕ್ಕ ಹೋಗಿ ಬರೋ ಬಸ್ಸಿನ ಖರ್ಚು ನಿನಗಿಲ್ಲ, ಶಕ್ತಿ ಯೋಜನೆ 2023ರಿಂದ ಐತಿ, ಸಾದಾ ಬಸ್ ಹತ್ತು ಅಷ್ಟ. ರೈತ ವಿದ್ಯಾನಿಧಿ ಡಿಗ್ರಿ ಹುಡುಗ್ಯಾರಿಗೆ ವರ್ಷಕ್ಕ 5,500 ಅಂತ ಇಟ್ಟಾರ. ಹಾಸ್ಟೆಲ್ ಸಿಗದಿದ್ರ ಹಿಂದುಳಿದ ವರ್ಗದವ್ರಿಗೆ ವಿದ್ಯಾಸಿರಿ ಅಂತ ತಿಂಗಳ ರೊಕ್ಕ ಐತಿ, ಹತ್ತು ತಿಂಗಳು. ನೀ ಎಸ್ಸೆಸ್ಸೆಲ್ಸಿ, ಪಿಯುಸಿ ಎರಡೂ ಸರ್ಕಾರಿ ಸಾಲ್ಯಾಗ ಓದಿದಾಕಿ, ಅಜೀಂ ಪ್ರೇಮ್‌ಜಿ ಫೌಂಡೇಶನ್ ಸ್ಕಾಲರ್‌ಶಿಪ್ ಇಂಥಾ ಹುಡುಗ್ಯಾರಿಗೇ ಐತಿ, ವರ್ಷಕ್ಕ 30,000, ಅದನ್ನ ಬಿಡಬ್ಯಾಡ.

ಎಸ್‌ಎಸ್‌ಪಿ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ಒಳಗ ಅರ್ಜಿ ಹಾಕೋಕಿಂತ ಮೊದ್ಲ ನಿನ್ನ ಬ್ಯಾಂಕ್ ಅಕೌಂಟಿಗೆ ಆಧಾರ್ ಸೀಡಿಂಗ್ ಆಗೇತೇನು ಅಂತ ಬ್ಯಾಂಕಿಗೆ ಹೋಗಿ ಕೇಳು, ಆಧಾರ್, ಮಾರ್ಕ್ಸ್ ಕಾರ್ಡ್, ಅಕೌಂಟ್ ಮೂರರಾಗೂ ಹೆಸರು ಒಂದ ತರ ಇರ್ಬೇಕು, ಒಂದು ಅಕ್ಷರ ಹೆಚ್ಚುಕಡಿಮಿ ಆಗಿ ರೊಕ್ಕ ಬರದ ಅಳಕೊಂತ ಕುಂತ ಹುಡುಗ್ಯಾರನ್ನ ನೋಡೀನಿ. ಜಾತಿ, ಆದಾಯ ಸರ್ಟಿಫಿಕೇಟ್ ಮುಗದಿದ್ರ ನಾಡಕಚೇರ್ಯಾಗ ಹೊಸಾದು ಮಾಡ್ಸು. ಧಾರವಾಡದ ಕಾಲೇಜ್ ನೋಡಾಕ ಯಾವಾಗ ಹೋಗೂಣು ಅಂತ ಅಪ್ಪನ್ನ ಕೇಳಿ ಫೋನ್ ಮಾಡು, ನಾ ನಿಮ್ಮ ಜೋಡಿ ಬರ್ತೀನಿ.

ನಿನ್ನ ದೊಡ್ಡವ್ವ